ಮನೆಯೊಳಗಿನ ಗಿಡಕ್ಕೆ ಎಲ್‌ಇಡಿ ಬೆಳಕು ಸಾಕೇ?

ಮಾಣಿ: ಮಂಗಳೂರು-ಬೆಂಗಳೂರು ಹೆದ್ದಾರಿಯಿಂದ ಮೈಸೂರು ರಸ್ತೆ ಕವಲೊಡೆಯುವ ಬಂಟ್ವಾಳ ತಾಲೂಕಿನ ಮಾಣಿಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನಗಳೇ ಹೆಚ್ಚು. ಅಡಿಕೆ ತೋಟದ ನೆರಳಿನಲ್ಲಿರುವ ಮನೆಗಳೊಳಗೆ ಆಗ ಬೆಳಕು ಮತ್ತಷ್ಟು ಕ್ಷೀಣ. ಮಳೆಗೆ ಹೆದರಿ ಒಳಗೆ ತಂದಿರಿಸಿದ ತುಳಸಿ ಸೊರಗುತ್ತದೆ. ಕುಂಡದ ಗಿಡಗಳ ಕಾಂಡ ನೀಳವಾಗಿ ಎಲೆ ಪೇಲವವಾಗುತ್ತದೆ. ನಗರಗಳ ಎಷ್ಟೋ ಫ್ಲ್ಯಾಟ್‌ಗಳಲ್ಲಿ ವರ್ಷವಿಡೀ ಇದೇ ಸ್ಥಿತಿ. ಇದಕ್ಕೆ ಪರಿಹಾರವೆಂದು ಮಾರಾಟವಾಗುವ ಎಲ್‌ಇಡಿ ದೀಪಗಳು ಗಿಡದ ಅಗತ್ಯವನ್ನು ನಿಜಕ್ಕೂ ಪೂರೈಸಬಲ್ಲವೇ?

ಬಣ್ಣದ ಲೆಕ್ಕ

ದ್ಯುತಿಸಂಶ್ಲೇಷಣೆಗೆ ಒದಗುವುದು ಮುಖ್ಯವಾಗಿ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು. ಪತ್ರಹರಿತ್ತು ನೀಲಿ ಮತ್ತು ಕೆಂಪು ಕಿರಣಗಳನ್ನು ಹೆಚ್ಚು ಹೀರುತ್ತದೆ. ನೇರಳೆಯಂತೆ ಕಾಣುವ ದೀಪಗಳ ಹಿನ್ನೆಲೆ ಇದೇ. ಹಾಗೆಂದು ಹಸಿರು ಬೆಳಕು ವ್ಯರ್ಥವಲ್ಲ. ಅದು ಎಲೆಯ ಆಳದ ಪದರಗಳಿಗೂ ಇಳಿದು ಕೆಲಸ ಮಾಡುತ್ತದೆ.

ಸಾಮಾನ್ಯ ಬಿಳಿ ಎಲ್‌ಇಡಿಯೂ ಮೂಲತಃ ನೀಲಿ ದೀಪವೇ. ಅದರ ಮೇಲಿನ ರಂಜಕ ಲೇಪವು ನೀಲಿಯ ಒಂದಂಶವನ್ನು ಹಸಿರು, ಹಳದಿ, ಕೆಂಪಾಗಿ ಮಾರ್ಪಡಿಸುತ್ತದೆ. ನೀಲಿ ಎಲ್‌ಇಡಿಯ ಆವಿಷ್ಕಾರಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. ಹೀಗಾಗಿ ಬಣ್ಣದ ದೃಷ್ಟಿಯಿಂದ ಬಿಳಿ ದೀಪವೂ ಮನೆಗಿಡಕ್ಕೆ ಒಗ್ಗುತ್ತದೆ.

ಕೊರತೆ ಪ್ರಮಾಣದ್ದು

ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ ಕೋಣೆಯ ಬೆಳಕು ಹಲವೊಮ್ಮೆ ಕೆಲವೇ ನೂರು ಲಕ್ಸ್. 20 ವ್ಯಾಟ್‌ನ ದೀಪ ಅಂದಾಜು 2,000 ಲ್ಯೂಮೆನ್ ಬೆಳಕು ನೀಡುತ್ತದೆ ಎನ್ನೋಣ. ಅದಷ್ಟೂ ಅರ್ಧ ಚದರ ಮೀಟರ್ ಮೇಲೆ ಬಿದ್ದರೂ ದೊರೆಯುವುದು 4,000 ಲಕ್ಸ್. ಮನಿಪ್ಲಾಂಟ್‌ನಂತಹ ನೆರಳು ಸಹಿಸುವ ಗಿಡಕ್ಕೆ ಇಷ್ಟು ಸಾಕು. ಬಿಸಿಲು ಬೇಡುವ ತುಳಸಿಗೆ, ಗುಲಾಬಿಗೆ ಸಾಲದು. ದೀಪ ಛಾವಣಿಯಲ್ಲಿದ್ದರಂತೂ ಬೆಳಕು ಚದುರಿ ಪ್ರಯೋಜನ ಅತ್ಯಲ್ಪ.

ಸೇವಂತಿಗೆ ಹೊಲದ ದೀಪ

ಚಿಕ್ಕಬಳ್ಳಾಪುರ ಭಾಗದಲ್ಲಿ ಸೇವಂತಿಗೆ ಬೆಳೆಗಾರರು ರಾತ್ರಿ ಹೊಲಗಳಲ್ಲಿ ಸಾಲುಸಾಲು ದೀಪ ಉರಿಸುವುದುಂಟು. ಸೇವಂತಿಗೆ ಮೊಗ್ಗು ಬಿಡುವುದು ರಾತ್ರಿ ದೀರ್ಘವಾದಾಗ. ದೀಪ ಹಚ್ಚಿ ಇರುಳನ್ನು ಮೊಟಕುಗೊಳಿಸಿದರೆ ಹೂವು ಮುಂದಕ್ಕೆ ಹೋಗಿ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಅಲ್ಲಿ ದೀಪ ಕೇವಲ ಸಂಕೇತ. ಆಹಾರ ಹಗಲಿನ ಬಿಸಿಲಿನದೇ. ಮನೆಯೊಳಗೆ ದೀಪವೇ ಆಹಾರವನ್ನೂ ಒದಗಿಸಬೇಕು. ಆದ್ದರಿಂದ ಹೊಲದ ಸಣ್ಣ ಬಲ್ಬನ್ನು ಕಂಡು ಮನೆಗೂ ಅಷ್ಟೇ ಸಾಕೆಂದು ಭಾವಿಸುವುದು ಸರಿಯಲ್ಲ.

ಕೊಳ್ಳುವ ಮುನ್ನ

ದೀಪದ ಬಣ್ಣಕ್ಕೆ ಮರುಳಾಗದೆ ಅದು ನೀಡುವ ಬೆಳಕಿನ ಪ್ರಮಾಣವನ್ನು ಗಮನಿಸಬೇಕು. ಗಿಡದಿಂದ ಸುಮಾರು ಒಂದಡಿ ಎತ್ತರದಲ್ಲಿಟ್ಟು ದಿನಕ್ಕೆ 12 ಗಂಟೆ ಉರಿಸಿ, ರಾತ್ರಿ ಕತ್ತಲೆ ನೀಡುವುದು ಸೂಕ್ತ. 20 ವ್ಯಾಟ್ ದೀಪಕ್ಕೆ ತಿಂಗಳಿಗೆ ತಗಲುವ ವಿದ್ಯುತ್ ಏಳು ಯೂನಿಟ್‌ನಷ್ಟು ಮಾತ್ರ. ತುಳಸಿಗೆ ಮಾತ್ರ, ಮಳೆ ಬಿಡುವು ಕೊಟ್ಟಾಗಲೆಲ್ಲ ಅಂಗಳದ ಬಿಸಿಲೇ ಉತ್ತಮ.