ಫೋರ್ ವೀಲ್ ಡಸ್ಟರ್: ಒಂದು ಕೆಸರಿನ ದಿನಕ್ಕೆ ಬೀಳುವ ಖರ್ಚು

ರೆನೋ ಡಸ್ಟರ್ ಭಾರತಕ್ಕೆ ಬಂದದ್ದು 2012ರಲ್ಲಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಡಬ್ಲ್ಯುಡಿ, ಅಂದರೆ ಫೋರ್ ವೀಲ್ ಮಾದರಿ 2014ರಲ್ಲಿ ಸೇರಿತು. 2020ರ ಬಿಎಸ್-6 ನಿಯಮದ ಹೊತ್ತಿಗೆ ಡೀಸೆಲ್ ಎಂಜಿನ್ ನಿಂತಾಗ ಅದೂ ನಿಂತಿತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದೇ 1.5 ಲೀಟರ್ ಡೀಸೆಲ್ ಎಂಜಿನ್ನಿನ, ಮುಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಟೂ ವೀಲ್ ಗಾಡಿಯೂ ಸಿಗುತ್ತದೆ. ಮಲೆನಾಡಿನ ಮಳೆ ನೆನೆದು ಹಲವರು ಕಣ್ಣುಮುಚ್ಚಿ ಫೋರ್ ವೀಲ್ ಕೇಳುತ್ತಾರೆ. ಕೊಳ್ಳುವ ಮುಂಚೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ಬ್ರೇಕಿನ ಮಾತು, ಏಕೆಂದರೆ ಇಲ್ಲಿನ ತಪ್ಪು ತಿಳಿವಳಿಕೆ ಜೀವಕ್ಕೇ ಕುತ್ತು. ಎಲ್ಲ ಕಾರುಗಳೂ ನಾಲ್ಕು ಚಕ್ರಕ್ಕೇ ಬ್ರೇಕ್ ಹಾಕುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ (ಹಿಡಿತ, ಅಂದರೆ ಘರ್ಷಣೆಯ ಗುಣಾಂಕ, 0.7) ಸುಮಾರು 20 ಮೀಟರ್, ನೆಂದು ಜಾರುವ ರಸ್ತೆಯಲ್ಲಿ (0.4) ಸುಮಾರು 35 ಮೀಟರ್ ಬೇಕು. ಫೋರ್ ವೀಲ್ ಇದ್ದರೆ ಇದರಲ್ಲಿ ಒಂದು ಅಡಿಯೂ ಕಡಿಮೆಯಾಗದು. ಆಗುಂಬೆ ಘಾಟಿ ಇಳಿಯುವಾಗ ಕಾಯುವುದು ಒಳ್ಳೆಯ ಟೈರು, ಕಡಿಮೆ ವೇಗ.

ಏರಿನಲ್ಲಿ ಮಾತ್ರ ಲೆಕ್ಕ ಬೇರೆ. ಐದು ಜನ, ಸಾಮಾನು ತುಂಬಿದ ಗಾಡಿಯ ಭಾರದಲ್ಲಿ ಅರ್ಧ ಮುಂದಿನ ಚಕ್ರಗಳ ಮೇಲಿದೆ ಎನ್ನೋಣ. ಕೆಸರಿನ ಹಿಡಿತ 0.3 ಆದರೆ ಮುಂದಿನ ಎರಡೇ ಚಕ್ರ ಎಳೆಯುವ ಗಾಡಿ ಹತ್ತಬಲ್ಲ ಏರು ಹೆಚ್ಚೆಂದರೆ ನೂರಕ್ಕೆ 15. ನಾಲ್ಕೂ ಎಳೆದರೆ ನೂರಕ್ಕೆ 30. ಕೆಸರಿನ ಎಳೆತ ಎರಡರಲ್ಲೂ ಒಂದಷ್ಟು ತಿನ್ನುತ್ತದೆ, ಆದರೂ ಅಂತರ ದುಪ್ಪಟ್ಟಿಗಿಂತ ಕಡಿಮೆಯಾಗದು. ತೋಟದ ಮನೆಗೆ ಮಣ್ಣಿನ ಏರು ಇರುವವರಿಗೆ ಈ ಸಂಖ್ಯೆ ಸಣ್ಣದಲ್ಲ. ಫೋರ್ ವೀಲ್ ಕೊಳ್ಳಲು ಗ್ರೌಂಡ್ ಕ್ಲಿಯರೆನ್ಸ್ ಕಾರಣವಲ್ಲ: ಟೂ ವೀಲ್‌ನ 205 ಮಿ.ಮೀ.ಗೆ ಎದುರು 210, ಅಷ್ಟೆ. ಡಿಕ್ಕಿಯಂತೂ 475 ಲೀಟರಿನಿಂದ 410ಕ್ಕೆ ಇಳಿಯುತ್ತದೆ.

ಈಗ ಹಣ. ವರ್ಷಕ್ಕೆ 12,000 ಕಿ.ಮೀ. ಓಡಾಟ, ಟೂ ವೀಲ್ ಲೀಟರಿಗೆ 15, ಫೋರ್ ವೀಲ್ 14 ಕೊಡುತ್ತದೆ ಎಂದುಕೊಳ್ಳಿ. 57 ಲೀಟರ್ ಹೆಚ್ಚು. 90 ರೂಪಾಯಿಯಂತೆ ಐದು ವರ್ಷಕ್ಕೆ 25,650. ಫೋರ್ ವೀಲ್ ಗಾಡಿಯಲ್ಲಿ ಚಾಲನೆಯ ಬಗೆ ಆರಿಸುವ ಗುಂಡಿಯನ್ನು ಟೂ ವೀಲ್‌ಗೆ ತಿರುಗಿಸಿದರೂ ಆ ಹೆಚ್ಚುವರಿ ಭಾರ ಗಾಡಿಯಲ್ಲೇ ಇರುತ್ತದೆ.

ಟೈರಿನ ಖರ್ಚನ್ನು ಯಾರೂ ಹೇಳುವುದಿಲ್ಲ. 215/65 ಆರ್16 ಹೊಸ ಟೈರು ಕಿಲೋಮೀಟರಿಗೆ ಸುಮಾರು 464 ಸುತ್ತು ಸುತ್ತಿದರೆ, 6 ಮಿ.ಮೀ. ಸವೆದದ್ದು 472 ಸುತ್ತುತ್ತದೆ. ಈ ಎಂಟು ಸುತ್ತಿನ ವ್ಯತ್ಯಾಸವನ್ನು ಹಿಂದಿನ ಚಕ್ರಕ್ಕೆ ಶಕ್ತಿ ದಾಟಿಸುವ ಕ್ಲಚ್ ಬಿಸಿಯಾಗುತ್ತ ತಾಳಿಕೊಳ್ಳಬೇಕು. ಹಾಗಾಗಿ ಸವೆದ ಸೆಟ್ಟಿನಲ್ಲಿ ಒಂದು ಟೈರು ಹರಿದರೂ ನಾಲ್ಕನ್ನೂ ಬದಲಿಸಬೇಕು. ಟೂ ವೀಲ್‌ಗೆ ಎರಡು ಸಾಕು. ತಲಾ 8,000ದಂತೆ ಒಮ್ಮೆಯ ಹೆಚ್ಚುವರಿ 16,000.

ಕೊಳ್ಳುವಾಗಿನ ಬೆಲೆಯಲ್ಲಿ 75,000 ಅಂತರವೆಂದು ಹಿಡಿದರೆ ಐದು ವರ್ಷಕ್ಕೆ ಒಟ್ಟು 1,16,650 ರೂಪಾಯಿ. ಮಾರುವಾಗ ಇದರಲ್ಲಿ ಒಂದಿಷ್ಟು ಮರಳಬಹುದು, ಅದನ್ನು ಬಿಡೋಣ. ವರ್ಷಕ್ಕೆ ಹತ್ತು ದಿನ ಕೆಸರು ಹತ್ತುವವರಿಗೆ ದಿನಕ್ಕೆ 2,333 ರೂಪಾಯಿ ಬೀಳುತ್ತದೆ. ಅವರು ಟೂ ವೀಲ್ ಕೊಂಡು, ಉಳಿದದ್ದರಲ್ಲಿ ನಾಲ್ಕು ಹೊಸ ಟೈರು ಹಾಕಿಸಿ, ಜೋರು ಮಳೆಯ ದಿನ ಗಾಡಿಯನ್ನು ಕೆಳಗೇ ನಿಲ್ಲಿಸಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 120 ದಿನ ಮಕ್ಕಳನ್ನು ಶಾಲೆಗೆ, ಹಿರಿಯರನ್ನು ಆಸ್ಪತ್ರೆಗೆ ಅದೇ ಏರಿನಲ್ಲಿ ಒಯ್ಯುವ ಮನೆಗೆ ದಿನಕ್ಕೆ 194. ಅವರು ಫೋರ್ ವೀಲನ್ನೇ ಕೊಳ್ಳಬೇಕು, ಹಿಂಜರಿಯಬಾರದು.

ಕೊಳ್ಳುವಾಗ ನಾಲ್ಕು ಟೈರೂ ಒಂದೇ ಕಂಪನಿಯವೇ, ಸಮನಾಗಿ ಸವೆದಿವೆಯೇ ನೋಡಿ. ಗಾಡಿಯನ್ನು ಮೇಲೆತ್ತಿಸಿ ಹಿಂದಿನ ಡಿಫರೆನ್ಷಿಯಲ್ಲಿನಲ್ಲಿ ಆಯಿಲ್ ಸೋರಿಕೆ, ಶಾಫ್ಟಿನ ಸಡಿಲ ಪರೀಕ್ಷಿಸಿ. ಆಮೇಲೆ ಗುಂಡಿಯನ್ನು ನಾಲ್ಕೂ ಚಕ್ರ ಎಳೆಯುವ ಲಾಕ್ ಸ್ಥಾನಕ್ಕೆ ಹಾಕಿ ನಿಜವಾದ ಕೆಸರಿನ ಏರಿನಲ್ಲಿ ಹತ್ತಿಸಿ ನೋಡಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ ಆ 75,000 ಹೆಚ್ಚಿಗೆ ಕೊಡಬೇಡಿ.