ಕಲ್ಲಣಬೆ

ಕಲ್ಲಣಬೆಯು ಕರ್ನಾಟಕದ ಕರಾವಳಿ ಹಾಗೂ ಪಶ್ಚಿಮ ಘಟ್ಟದ ತಪ್ಪಲಿನ ಕಾಡುಗಳಲ್ಲಿ ಮುಂಗಾರಿನ ಆರಂಭದಲ್ಲಿ ದೊರೆಯುವ, ಗೋಲಿಯಂತೆ ದುಂಡಗಿರುವ ಒಂದು ಖಾದ್ಯ ಅಣಬೆ. ಇದು ಆಸ್ಟ್ರೇಯಸ್ ಎಂಬ ಶಿಲೀಂಧ್ರ ಕುಲಕ್ಕೆ ಸೇರಿದೆ. ತುಳುವಿನಲ್ಲಿ ಇದನ್ನು ಕಲ್ಲಲಾಂಬು ಎನ್ನುತ್ತಾರೆ. ಮಣ್ಣಿನಲ್ಲಿ ಹುದುಗಿ ಬೆಳೆಯುವುದು, ಕೆಲವೇ ವಾರ ದೊರೆಯುವುದು ಮತ್ತು ದುಬಾರಿಯಾಗಿರುವುದು ಎಂಬ ಕಾರಣಗಳಿಂದ ಇದನ್ನು ಯುರೋಪಿನ ಟ್ರಫಲ್‌ಗೆ ಹೋಲಿಸುವುದುಂಟು. ಆದರೆ ಜೀವಶಾಸ್ತ್ರದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ. ಇವುಗಳ ನಡುವಿನ ನಿಜವಾದ ಸಾಮ್ಯವೆಂದರೆ ಜೀವಂತ ಮರದ ಬೇರಿನ ಆಶ್ರಯವಿಲ್ಲದೆ ಎರಡೂ ಬೆಳೆಯಲಾರವು.

ವರ್ಗೀಕರಣ

ಆಸ್ಟ್ರೇಯಸ್ ಕುಲವು ಬೆಸಿಡಿಯೊಮೈಕೋಟ ವಿಭಾಗದ ಬೊಲೆಟೇಲ್ಸ್ ಗಣಕ್ಕೆ ಸೇರಿದೆ. ಇದರ ಪ್ರಸಿದ್ಧ ಪ್ರಭೇದವಾದ ಆಸ್ಟ್ರೇಯಸ್ ಹೈಗ್ರೊಮೆಟ್ರಿಕಸ್ ಅನ್ನು 1801ರಲ್ಲಿ ಪೆರ್ಸೂನ್ ಬೇರೊಂದು ಕುಲದಡಿಯಲ್ಲಿ ವರ್ಣಿಸಿದ್ದನು. 1889ರಲ್ಲಿ ಅಮೆರಿಕದ ಶಿಲೀಂಧ್ರ ವಿಜ್ಞಾನಿ ಆಂಡ್ರ್ಯೂ ಪ್ರೈಸ್ ಮಾರ್ಗನ್ ಅದನ್ನು ಈಗಿನ ಕುಲಕ್ಕೆ ಸೇರಿಸಿದನು. ಭಾರತದ ಕಲ್ಲಣಬೆಗಳನ್ನು ಬಹುಕಾಲ ಈ ಒಂದೇ ಹೆಸರಿನಿಂದ ಗುರುತಿಸಲಾಗುತ್ತಿತ್ತು. 2004ರಲ್ಲಿ ಥಾಯ್ಲೆಂಡಿನಿಂದ ಆಸ್ಟ್ರೇಯಸ್ ಒಡೊರೇಟಸ್ ಎಂಬ ಪ್ರಭೇದವನ್ನು ವರ್ಣಿಸಿದ ಬಳಿಕ ಏಷ್ಯಾದ ಮಾದರಿಗಳ ಮರುಪರಿಶೀಲನೆ ಆರಂಭವಾಯಿತು. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ನೈರುತ್ಯ ಭಾರತದಿಂದ ಈ ಎರಡೂ ಪ್ರಭೇದಗಳನ್ನು ವರದಿ ಮಾಡಿದ್ದಾರೆ.

ರಚನೆ ಮತ್ತು ಬೆಳವಣಿಗೆ

ಎಳೆಯ ಕಲ್ಲಣಬೆಯು ಸಾಮಾನ್ಯವಾಗಿ 1ರಿಂದ 3 ಸೆಂ.ಮೀ. ವ್ಯಾಸದ ಗುಂಡು. ಹೊರಪದರ ಗಟ್ಟಿ, ಒಳಗೆ ಬಿಳಿಯ ಮೃದು ತಿರುಳು. ಬಲಿತಂತೆ ತಿರುಳು ಕಂದು ಬಣ್ಣಕ್ಕೆ ತಿರುಗಿ ಕೊನೆಗೆ ಬೀಜಕಗಳ ಪುಡಿಯಾಗುತ್ತದೆ. ಆಗ ಹೊರಪದರವು ನಕ್ಷತ್ರದ ಆಕಾರದಲ್ಲಿ ಸೀಳಿಕೊಳ್ಳುತ್ತದೆ. ಈ ಎಸಳುಗಳು ತೇವವಿದ್ದಾಗ ಬಿಚ್ಚಿಕೊಳ್ಳುತ್ತವೆ, ಒಣಗಿದಾಗ ಒಳಗಿನ ಬೀಜಕ ಚೀಲದ ಮೇಲೆ ಮುಚ್ಚಿಕೊಳ್ಳುತ್ತವೆ. ಇದು ಆಸ್ಟ್ರೇಯಸ್ ಹೈಗ್ರೊಮೆಟ್ರಿಕಸ್‌ನಲ್ಲಿ ಸ್ಪಷ್ಟವಾಗಿ ಕಾಣುವ ಗುಣ. ಮಳೆಹನಿಯ ಪೆಟ್ಟು ಮತ್ತು ಗಾಳಿಯಿಂದ ಬೀಜಕಗಳು ಹರಡುತ್ತವೆ.

ಕಲ್ಲಣಬೆಯು ಮರದ ಬೇರಿನೊಂದಿಗೆ ಮೈಕೊರೈಜಾ ಎಂಬ ಸಹಜೀವನ ಸಂಬಂಧವನ್ನು ಹೊಂದಿದೆ. ಶಿಲೀಂಧ್ರದ ಎಳೆಗಳು ಎಳೆಯ ಬೇರುಗಳ ತುದಿಯನ್ನು ಕವಚದಂತೆ ಸುತ್ತುತ್ತವೆ. ಮಣ್ಣಿನಿಂದ ನೀರು, ರಂಜಕ ಮುಂತಾದವನ್ನು ಹೀರಿ ಮರಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಮರವು ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಕೊಡುತ್ತದೆ. ಧೂಪ, ಕಿರಾಲ್ಬೋಗಿ ಮೊದಲಾದ ಡಿಪ್ಟೆರೋಕಾರ್ಪೇಸಿ ಕುಟುಂಬದ ಮರಗಳು ಕರಾವಳಿಯ ಕಾಡುಗಳಲ್ಲಿ ಇಂತಹ ಸಂಬಂಧಕ್ಕೆ ಆಶ್ರಯವಾಗಿವೆ. ಮುರಕಲ್ಲಿನ ನೆಲದ ಕುರುಚಲು ಕಾಡು ಕಲ್ಲಣಬೆಯ ಮುಖ್ಯ ನೆಲೆ.

ಟ್ರಫಲ್‌ನೊಂದಿಗೆ ಹೋಲಿಕೆ

ನಿಜವಾದ ಟ್ರಫಲ್‌ಗಳು ಆಸ್ಕೊಮೈಕೋಟ ವಿಭಾಗದ ಟ್ಯೂಬರ್ ಕುಲಕ್ಕೆ ಸೇರಿವೆ. ಫ್ರಾನ್ಸಿನ ಪೆರಿಗೋರ್ ಪ್ರದೇಶದ ಹೆಸರಿನಿಂದ ಪ್ರಸಿದ್ಧವಾದ ಕಪ್ಪು ಟ್ರಫಲ್ ಮತ್ತು ಇಟಲಿಯ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ಇವುಗಳಲ್ಲಿ ಅತ್ಯಂತ ಬೆಲೆಬಾಳುವಂಥವು. ಟ್ರಫಲ್ ಬಲಿತ ಮೇಲೂ ನೆಲದೊಳಗೇ ಉಳಿಯುತ್ತದೆ. ಅದರ ಬೀಜಕಗಳು ಹರಡಬೇಕಾದರೆ ಪ್ರಾಣಿಗಳು ಅದನ್ನು ಅಗೆದು ತಿನ್ನಬೇಕು. ಆದ್ದರಿಂದ ಅದು ಗಂಧಕಯುಕ್ತ ತೀಕ್ಷ್ಣ ಪರಿಮಳವನ್ನು ಹೊರಸೂಸುತ್ತದೆ. ಹಂದಿ ಹಾಗೂ ತರಬೇತಾದ ನಾಯಿಗಳ ನೆರವಿನಿಂದ ಟ್ರಫಲ್ ಹುಡುಕುವ ಪದ್ಧತಿ ಬೆಳೆದುದು ಈ ಪರಿಮಳದಿಂದಲೇ. ಕಲ್ಲಣಬೆಯು ನೆಲದ ಮೇಲೆ ತೆರೆದುಕೊಂಡು ಬೀಜಕ ಚೆಲ್ಲುವುದರಿಂದ ಅದಕ್ಕೆ ಪ್ರಾಣಿಗಳನ್ನು ಸೆಳೆಯುವ ಅಗತ್ಯವಿಲ್ಲ. ಅದರಲ್ಲಿರುವುದು ಹಸಿ ಮಣ್ಣನ್ನು ನೆನಪಿಸುವ ಸೌಮ್ಯ ವಾಸನೆ ಮಾತ್ರ.

ಬಳಕೆಯಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ಟ್ರಫಲ್ ಅನ್ನು ಗ್ರಾಂ ಲೆಕ್ಕದಲ್ಲಿ ತೆಳುವಾಗಿ ಹೆರೆದು ಸುವಾಸನೆಗಾಗಿ ಆಹಾರದ ಮೇಲೆ ಉದುರಿಸುತ್ತಾರೆ. ಕಲ್ಲಣಬೆಯನ್ನು ತರಕಾರಿಯಂತೆ ಬೇಯಿಸಿ ತಿನ್ನುತ್ತಾರೆ. ನಗರಗಳ ಅಂಗಡಿಗಳಲ್ಲಿ ಸಿಗುವ ಟ್ರಫಲ್ ಎಣ್ಣೆಯ ಬಹುಪಾಲು ಕೃತಕ ಪರಿಮಳ ಸೇರಿಸಿದ ಎಣ್ಣೆಯಾಗಿರುತ್ತದೆ.

ಸಂಗ್ರಹ ಮತ್ತು ಮಾರಾಟ

ಮುಂಗಾರಿನ ಮೊದಲ ಗುಡುಗು ಮಳೆಗೆ ಕಲ್ಲಣಬೆ ಏಳುತ್ತದೆ ಎಂಬುದು ಕರಾವಳಿಯ ಜನರ ನಂಬಿಕೆ. ಮೇ ಕೊನೆಯಿಂದ ಜುಲೈವರೆಗೆ ಇದರ ಕಾಲ. ಗ್ರಾಮಸ್ಥರು ಬೆಳಗಿನ ಹೊತ್ತು ಕಾಡಿಗೆ ಹೋಗಿ, ಕೋಲಿನಿಂದ ತರಗೆಲೆ ಸರಿಸಿ, ಮೇಲ್ಮಣ್ಣನ್ನು ಕೆದಕಿ ಇದನ್ನು ಆರಿಸುತ್ತಾರೆ. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಮೊದಲಾದ ಕಡೆ ರಸ್ತೆ ಬದಿಯಲ್ಲಿ ಹಾಗೂ ಸಂತೆಗಳಲ್ಲಿ ಇದು ಮಾರಾಟಕ್ಕೆ ಬರುತ್ತದೆ. ಋತುವಿನ ಆರಂಭದಲ್ಲಿ ಇದರ ಬೆಲೆ ಕೆಲವೊಮ್ಮೆ ಕೋಳಿ ಮಾಂಸದ ಬೆಲೆಯನ್ನೂ ಮೀರುತ್ತದೆ. ಛತ್ತೀಸ್‌ಗಢದ ಬಸ್ತರ್‌ನಲ್ಲಿ ಬೋಡಾ, ಜಾರ್ಖಂಡ್‌ನಲ್ಲಿ ರುಗಡಾ ಎಂಬ ಹೆಸರಿನಿಂದ ಸಾಲ್ ಮರಗಳ ಕಾಡಿನಲ್ಲಿ ದೊರೆಯುವ ಅಣಬೆಯೂ ಇದೇ ಕುಲದ್ದು.

ಅಡುಗೆ

ಅಣಬೆಯನ್ನು ಮಣ್ಣು ಹೋಗುವವರೆಗೆ ಹಲವು ಬಾರಿ ತೊಳೆದು, ಪ್ರತಿಯೊಂದನ್ನೂ ಎರಡು ಹೋಳಾಗಿ ಕತ್ತರಿಸುತ್ತಾರೆ. ತಿರುಳು ಬೆಳ್ಳಗಿದ್ದರೆ ಮಾತ್ರ ಬಳಸಿ, ಕಪ್ಪಾದವನ್ನು ಎಸೆಯುತ್ತಾರೆ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿಯ ಮಸಾಲೆಯೊಂದಿಗೆ ಸುಕ್ಕ, ಗಸಿ ಅಥವಾ ಪಲ್ಯ ಮಾಡುವುದು ವಾಡಿಕೆ. ಬೆಂದ ಬಳಿಕವೂ ಹೊರಪದರ ಕರುಕುರು ಎನ್ನುವುದು ಇದರ ವಿಶೇಷ.

ವಿಷಕಾರಿ ಹೋಲಿಕೆಗಳು

ಕತ್ತರಿಸಿ ನೋಡುವ ಪದ್ಧತಿಗೆ ಸುರಕ್ಷತೆಯ ಮಹತ್ವವೂ ಇದೆ. ಸ್ಕ್ಲೆರೋಡರ್ಮ ಕುಲದ ದುಂಡು ಅಣಬೆಗಳು ಹೊರನೋಟಕ್ಕೆ ಕಲ್ಲಣಬೆಯನ್ನು ಹೋಲುತ್ತವೆ. ಅವುಗಳ ತಿರುಳು ಬೇಗನೆ ನೇರಳೆಗಪ್ಪು ಬಣ್ಣಕ್ಕೆ ತಿರುಗುತ್ತದೆ. ತಿಂದರೆ ವಾಂತಿ ಮತ್ತು ಹೊಟ್ಟೆನೋವು ಉಂಟಾಗುತ್ತದೆ. ಅಮನಿಟ ಕುಲದ ಎಳೆಯ ಮೊಗ್ಗುಗಳೂ ದುಂಡಗಿರುತ್ತವೆ. ಅವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕೊಡೆ ಮತ್ತು ಕಾಂಡದ ರೂಪರೇಖೆ ಕಾಣುತ್ತದೆ. ಈ ಕುಲದ ಕೆಲವು ಪ್ರಭೇದಗಳು ಪ್ರಾಣಾಂತಿಕ, ಬೇಯಿಸಿದರೂ ಅವುಗಳ ವಿಷ ನಾಶವಾಗುವುದಿಲ್ಲ. ತಿರುಳಿನ ಬಣ್ಣವೊಂದನ್ನೇ ನಂಬುವುದು ಸಾಲದು. ಅನುಭವವುಳ್ಳವರು ಗುರುತಿಸದ ಕಾಡು ಅಣಬೆಯನ್ನು ತಿನ್ನಬಾರದು.

ಬಯಲುಸೀಮೆ ಮತ್ತು ಕೃಷಿಯ ಸಾಧ್ಯತೆ

ಕಲ್ಲಣಬೆಗೆ ಆಶ್ರಯ ನೀಡುವ ಧೂಪ, ಕಿರಾಲ್ಬೋಗಿಯ ಕಾಡುಗಳು ಈಶಾನ್ಯ ಕರ್ನಾಟಕದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಬಯಲಿನಲ್ಲಿಲ್ಲ. ಮಳೆಯ ಕೊರತೆಯೊಂದೇ ಅಡ್ಡಿಯೆಂದು ತಿಳಿಯಬಾರದು. ಅರಬ್ ದೇಶಗಳಲ್ಲಿ ಹಾಗೂ ಉತ್ತರ ಆಫ್ರಿಕಾದಲ್ಲಿ ಟೆರ್ಫೆಜಿಯಾ ಕುಲದ ಮರುಭೂಮಿ ಟ್ರಫಲ್‌ಗಳು ಇನ್ನೂ ಒಣಗಿದ ನೆಲದಲ್ಲಿ ಬೆಳೆಯುತ್ತವೆ. ಅಲ್ಲಿ ಹೀಲಿಯಾಂಥೆಮಮ್ ಎಂಬ ಪುಟ್ಟ ಗಿಡಗಳ ಬೇರು ಅವುಗಳಿಗೆ ಆಶ್ರಯ. ಮಳೆ, ಮಣ್ಣುಗಳಷ್ಟೇ ಮುಖ್ಯವಾದುದು ಜೊತೆಗಾರ ಸಸ್ಯದ ಇರುವಿಕೆ.

ಕೊಳೆಯುವ ಸಸ್ಯವಸ್ತುವನ್ನು ಉಂಡು ಬೆಳೆಯುವ ಅಣಬೆಗಳಿಗೆ ಈ ಮಿತಿಯಿಲ್ಲ. ಚಿಪ್ಪಣಬೆಯನ್ನು ಭತ್ತದ ಹುಲ್ಲು ಅಥವಾ ಹತ್ತಿಕಡ್ಡಿಯ ಚೂರಿನ ಮೇಲೆ ನೆರಳಿನ ಕೋಣೆಯಲ್ಲಿ ಬೆಳೆಯಬಹುದು. ಈ ಎರಡೂ ವಸ್ತುಗಳು ಕೃಷ್ಣಾ ಕಾಲುವೆಯ ನೀರಾವರಿಯುಳ್ಳ ಶಹಾಪುರ, ಸುರಪುರಗಳ ಹೊಲಗಳಲ್ಲಿ ದೊರೆಯುತ್ತವೆ. ಕಲ್ಲಣಬೆಯನ್ನು ಹೀಗೆ ಹುಲ್ಲಿನ ಮೇಲೆ ಬೆಳೆಯಲಾಗದು. ಫ್ರಾನ್ಸಿನಲ್ಲಿ 1970ರ ದಶಕದಿಂದ ಬೇರಿಗೆ ಶಿಲೀಂಧ್ರ ಕೂಡಿಸಿದ ಓಕ್ ಸಸಿಗಳನ್ನು ನೆಟ್ಟು ಕಪ್ಪು ಟ್ರಫಲ್ ಬೆಳೆಯುತ್ತಿದ್ದಾರೆ. ಅಲ್ಲಿಯೂ ಮೊದಲ ಫಲಕ್ಕೆ ಹಲವು ವರ್ಷ ಕಾಯಬೇಕು.

ಸಂರಕ್ಷಣೆ

ಕಲ್ಲಣಬೆಯನ್ನು ಬೀಜಕ ಹೊಮ್ಮುವ ಮೊದಲೇ, ಎಳೆಯದಿರುವಾಗಲೇ ಕೀಳುವುದರಿಂದ ಅದರ ಪ್ರಸಾರಕ್ಕೆ ಅವಕಾಶ ಕಡಿಮೆಯಾಗುತ್ತದೆ. ಆಳವಾಗಿ ಅಗೆದರೆ ಎಳೆಗಳ ಜಾಲಕ್ಕೂ ಹಾನಿ. ಆದರೂ ಸ್ವಲ್ಪ ಭಾಗವನ್ನು ಬಲಿಯಲು ಬಿಟ್ಟು, ಕೆದಕಿದ ಮಣ್ಣು ಮತ್ತು ತರಗೆಲೆಯನ್ನು ಮತ್ತೆ ಮುಚ್ಚಿದರೆ ಈ ನಷ್ಟವನ್ನು ತಗ್ಗಿಸಬಹುದು. ಆಶ್ರಯ ಮರವನ್ನೇ ಕಡಿದರೆ ಇಂತಹ ಪರಿಹಾರವಿಲ್ಲ. ಕುರುಚಲು ಕಾಡು ರಬ್ಬರ್ ತೋಟವಾಗಿಯೋ ಮುರಕಲ್ಲಿನ ಕೋರೆಯಾಗಿಯೋ ಬದಲಾದ ಕಡೆ ಬೇರಿನೊಂದಿಗಿನ ಸಂಬಂಧ ಕಡಿದುಹೋಗುತ್ತದೆ, ಅದರೊಂದಿಗೆ ಕಲ್ಲಣಬೆಯೂ ಆ ನೆಲದಿಂದ ಮರೆಯಾಗುತ್ತದೆ.