ಹೆಸರಿನೊಳಗೇ ಇದೆ ಭೂತದ ರೂಪ

ಭೂತಕ್ಕೆ ಹೆಸರುಂಟು, ರೂಪವಿಲ್ಲ. ಚಿತ್ರಕಾರ ಏನು ಬರೆಯಬೇಕು? ಜಪಾನಿನ ಮಂಗಾ ಕಲಾವಿದ ಶಿಗೆರು ಮಿಜುಕಿ (1922–2015) ಉತ್ತರವನ್ನು ಹೆಸರಿನಲ್ಲೇ ಹುಡುಕಿದರು.

ಜಪಾನಿನ ಹಳ್ಳಿಗಳ ಭೂತಗಳಿಗೆ ‘ಯೋಕಾಯ್’ ಎನ್ನುತ್ತಾರೆ. ಜಾನಪದ ವಿದ್ವಾಂಸ ಕುನಿಯೊ ಯನಗಿತಾ ಅವುಗಳ ಹೆಸರು, ಚೇಷ್ಟೆಗಳನ್ನು ಬರೆದಿಟ್ಟಿದ್ದರು. ರಾತ್ರಿ ದಾರಿಗೆ ಅಡ್ಡ ನಿಲ್ಲುವ ಕಾಣದ ಗೋಡೆ ‘ನುರಿಕಾಬೆ’; ಅಂದರೆ ಗಾರೆ ಮೆತ್ತಿದ ಗೋಡೆ. ಮಿಜುಕಿ ಅದಕ್ಕೆ ಕಣ್ಣು, ಕೈಕಾಲು ಇಟ್ಟರು. ‘ಇತ್ತನ್ ಮೊಮೆನ್’ ಎಂದರೆ ಒಂದು ತಾನು ಹತ್ತಿಬಟ್ಟೆ. ಅದು ಹಾರಾಡುವ ಬಿಳಿ ಬಟ್ಟೆಯಾಯಿತು. ಹೆಸರು ಕೇಳಿದರೆ ರೂಪ ಕಣ್ಣಿಗೆ ಕಟ್ಟುತ್ತದೆ!

ಅವರ ನಾಯಕ, ಭೂತಬಾಲಕ ಕಿತಾರೊ, 1960ರಲ್ಲಿ ಬಾಡಿಗೆಗೆ ಸಿಗುವ ಮಂಗಾ ಪುಸ್ತಕಗಳಲ್ಲಿ ಕಾಣಿಸಿಕೊಂಡ. ಆಗ ಅವನ ಮುಖ ವಿಕಾರ, ಬರಬರುತ್ತಾ ಮುದ್ದಾಯಿತು. ಆದರೂ ಮಕ್ಕಳು ಅವನನ್ನು ಗುರುತಿಸುತ್ತಾರೆ. ಏಕೆ? ಒಂದು ಕಣ್ಣು ಮುಚ್ಚುವ ಕೂದಲು, ತೋಳಿಲ್ಲದ ಪಟ್ಟೆ ಅಂಗಿ, ಮರದ ಪಾದುಕೆ. ಎರಡು ಮೂರು ಗುರುತು ಕೈಬಿಡದಿದ್ದರೆ ಪಾತ್ರ ಉಳಿಯುತ್ತದೆ. ಚಿತ್ರ ಬರೆಯುವ ವಿದ್ಯಾರ್ಥಿಗಳು ನೆನಪಿಡಬೇಕಾದ ಪಾಠವಿದು.

ಮಿಜುಕಿಗೆ ಬಾಲ್ಯದಲ್ಲಿ ಈ ಕಥೆಗಳನ್ನು ಹೇಳಿದವಳು ಊರಿನ ಒಬ್ಬ ಅಜ್ಜಿ. ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡ ಮೇಲೂ ಅವರು ಬರೆದದ್ದು ಆ ಭೂತಗಳನ್ನೇ. ಪಾಲಕರೇ, ನಿಮ್ಮ ಮಗು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಭೂತ ಬರೆದರೆ ಗದರಬೇಡಿ. ಅದರ ಹೆಸರೇನೆಂದು ಕೇಳಿ.